ಆರು ಚೊಂಬು

ಆರನೆಯ ಚೊಂಬು ಬಿದ್ದ ಮೇಲೆ ಬಚ್ಚಲಿನೊಳಗೆ ಸದ್ದು ನಿಂತುಹೋಯಿತು. ನುಗ್ಗೆಮರದ ಬುಡದಲ್ಲಿ ನಿಂತಿದ್ದ ಬೋರಲಿಂಗಯ್ಯ ಉಸಿರು ಬಿಗಿಹಿಡಿದು ಏಳನೆಯದಕ್ಕೆ ಕಾದ. ಮೊನ್ನೆಯೂ ಆರು, ನಿನ್ನೆಯೂ ಆರು, ಇವತ್ತೂ ಆರೇ. ಒಳಗೆ ಬಳೆಗಳು ಸದ್ದು ಮಾಡಿದವು, ಚೊಂಬನ್ನು ಕಲ್ಲಿನ ಮೇಲೆ ಬೋರಲು ಹಾಕಿದ್ದು ಕೇಳಿಸಿತು, ಅಲ್ಲಿಗೆ ಮುಗಿಯಿತು. ಅವನು ಜೇಬಿನಿಂದ ಪುಟ್ಟ ನೋಟುಪುಸ್ತಕ ತೆಗೆದು ಸೀಸದ ಕಡ್ಡಿಯಿಂದ ಆರು ಎಂದು ಬರೆದ. ಯಾರಾದರೂ ಕೇಳಿದರೆ ಮರಕ್ಕೆ ಕಂಬಳಿಹುಳ ಹತ್ತಿದೆಯೇನೋ ನೋಡುತ್ತಿದ್ದೇನೆ ಎನ್ನಬೇಕೆಂದು ಮೊದಲ ದಿನವೇ ನೆಪವೊಂದನ್ನು ಸಿದ್ಧ ಮಾಡಿಕೊಂಡಿದ್ದ. ಮೂರು ದಿನವೂ ಯಾರೂ ಕೇಳಿರಲಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂಬುದೇ ಈಗ ಅವನಿಗೆ ಕಸಿವಿಸಿಯಾಗತೊಡಗಿತ್ತು. ಐವತ್ತೆರಡು ವರ್ಷದ ಗಂಡಸು, ರಾಮನಗರದ ಅರ್ಧಕ್ಕರ್ಧ ಬಾಯ್ಲರುಗಳ ಹೊಟ್ಟೆಯೊಳಗೆ ಕೈಹಾಕಿ ನೋಡಿದವನು, ಕಟ್ಟಿಕೊಂಡ ಹೆಂಡತಿಯ ಬಚ್ಚಲಿನ ಗೋಡೆಗೆ ಕಿವಿಗೊಟ್ಟು ನಿಂತಿದ್ದಾನೆಂದು ಬೀದಿಯಲ್ಲಿ ಗೊತ್ತಾದರೆ ಏನೆಂದಾರು? ಆದರೆ ನಾಚಿಕೆಗಿಂತ ಕುತೂಹಲ ದೊಡ್ಡದಾಗಿತ್ತು. ಎಷ್ಟೇ ಬಡಕಲು ಮೈಯಾದರೂ ಆರು ಚೊಂಬಿಗೆ ಪೂರ್ತಿ ಒದ್ದೆಯಾಗುವುದಿಲ್ಲ. ಕಾವೇರಮ್ಮ ಬಡಕಲೂ ಅಲ್ಲ. ಹಾಗಾದರೆ ಆರೇ ಯಾಕೆ?

ಲೆಕ್ಕ ಶುರುವಾದದ್ದು ಇದ್ರೀಸನ ಮನೆಯಿಂದ. ರೇಷ್ಮೆಗೂಡು ಬಿಚ್ಚುವ ತನ್ನ ಷೆಡ್ಡಿನ ಹಿಂದೆಯೇ ಇದ್ರೀಸ ಹೊಸದಾಗಿ ತಾರಸಿ ಮನೆ ಕಟ್ಟಿಸಿದ್ದ. ಷೆಡ್ಡಿನ ಬಾಯ್ಲರು ಬೆಳಿಗ್ಗೆ ಐದೂವರೆಯಿಂದ ಸಂಜೆ ನಾಲ್ಕರವರೆಗೆ ಉರಿಯುತ್ತದೆ. ಆ ಬಿಸಿಯಲ್ಲಿ ಒಸಿ ಮನೆ ಕಡೆಗೂ ತಿರುಗಿಸಿಕೊಡಿ, ಹೆಂಗಸರು ಹೊಗೆ ಕುಡಿಯೋದು ತಪ್ಪಲಿ ಎಂದಿದ್ದ. ಬಾಯ್ಲರಿನ ನೀರನ್ನೇ ನೇರವಾಗಿ ನಲ್ಲಿಗೆ ಕೊಡುವ ಹಾಗಿಲ್ಲ. ಅದರಲ್ಲಿ ತುಕ್ಕು, ಔಷಧಿ, ಗೂಡು ಬೇಯುವ ವಾಸನೆ. ಅದಕ್ಕೇ ಬೇರೆ ತೊಟ್ಟಿ. ತೊಟ್ಟಿಯಲ್ಲಿ ಮನೆಯವರ ಒಳ್ಳೆ ನೀರು, ಆ ನೀರಿನೊಳಗೆ ತಾಮ್ರದ ಕೊಳವೆಯ ಸುರುಳಿ, ಸುರುಳಿಯೊಳಗೆ ಬಾಯ್ಲರಿನ ಬಿಸಿನೀರು ತಾನಾಗಿ ಏರಿ ತಣಿದು ಇಳಿದು ಸುತ್ತುತ್ತಿರುತ್ತದೆ. ಒಂದು ನೀರು ಇನ್ನೊಂದನ್ನು ಮುಟ್ಟುವುದಿಲ್ಲ, ನಡುವೆ ತಾಮ್ರದ ಗೋಡೆ, ಬಿಸಿ ಮಾತ್ರ ದಾಟುತ್ತದೆ. ಈ ಉಪಾಯ ಬೋರಲಿಂಗಯ್ಯನಿಗೆ ಎಷ್ಟು ಸಲ ಯೋಚಿಸಿದರೂ ಹಿತವಾಗಿರುತ್ತಿತ್ತು. ಕಷ್ಟವಿದ್ದದ್ದು ಅಳತೆಯಲ್ಲಿ. ತೊಟ್ಟಿ ಎಷ್ಟು ದೊಡ್ಡದು, ಸುರುಳಿ ಎಷ್ಟು ಸುತ್ತು? ಮುಚ್ಚಳ ಬೆಸೆದ ಮೇಲೆ ಮುಗಿಯಿತು. ತಪ್ಪಿದ್ದರೆ ಇಡೀ ತೊಟ್ಟಿಯನ್ನೇ ಕೊಯ್ದು ತೆರೆಯಬೇಕು. ಇವತ್ತು ಮಧ್ಯಾಹ್ನ ಇದ್ರೀಸನ ಷೆಡ್ಡಿಗೆ ವೆಲ್ಡಿಂಗಿನವನು ಬರುವವನಿದ್ದ.

ಹಿಂದಿನ ವರ್ಷ ಒಮ್ಮೆ ತಪ್ಪಿತ್ತು. ಹೊಂಗನೂರಿನ ಹುಚ್ಚಯ್ಯ, ಹುಳು ಸಾಕಿಕೊಂಡಿದ್ದವನು, ಉಮೇದಿಗೆ ಬಿದ್ದು ಗೂಡು ಬಿಚ್ಚುವ ಷೆಡ್ಡನ್ನೂ ಹಾಕಿ, ಅದರ ಬಾಯ್ಲರಿನಿಂದ ಮನೆಗೆ ಬಿಸಿನೀರು ಬೇಕೆಂದಿದ್ದ. ಎಷ್ಟು ಬೇಕು ಎಂದು ಬೋರಲಿಂಗಯ್ಯ ಕೇಳಿದಾಗ, ಈಗ ಹೆಂಗೂ ಒಂದು ಹಂಡೆ ಎಲ್ಲಾರ್ಗೂ ಸಾಕಾಯ್ತದೆ, ಅದರ ಎರಡರಷ್ಟು ಹಿಡಿಯಂಗೆ ಮಾಡು ಎಂದಿದ್ದ. ಮನೆಯ ಯಜಮಾನನೇ ಹೇಳಿದ ಮೇಲೆ ಇನ್ನೇನು ಎಂದು ಇವನು ಹಾಗೆಯೇ ಮಾಡಿ, ಆರು ಸುತ್ತಿನ ಸುರುಳಿ ಇಟ್ಟು ಬಂದಿದ್ದ. ಹದಿನೈದು ದಿನಕ್ಕೆ ಕರೆ ಬಂತು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಹೋದರೆ ಹುಚ್ಚಯ್ಯ ಮಾತೇ ಆಡದೆ ಇವನ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದ. ನೀರು ಬಾವಿಯಿಂದ ಆಗತಾನೇ ಸೇದಿದ ಹಾಗಿತ್ತು. ಹಿಡ್ಕೊ, ಇನ್ನೊಸಿ ಹೊತ್ತು ಹಿಡ್ಕೊ, ಬಿಸಿ ಬಂದಾತು ಎಂದು ಹುಚ್ಚಯ್ಯ ನಗದೆಯೇ ಅಂದ. ಆಳುಗಳು ನೋಡುತ್ತಿದ್ದರು. ಅಡುಗೆಮನೆಯ ಬಾಗಿಲ ಮರೆಯಲ್ಲಿ ಹೆಗಲ ಮೇಲೆ ಒಣ ಟವಲು ಹಾಕಿಕೊಂಡು, ಗಂಟು ಬಿಚ್ಚಿದ ಕೂದಲಿನ ಹೆಂಗಸೊಬ್ಬಳು ನಿಂತಿದ್ದಳು. ಎಷ್ಟು ಹೊತ್ತು ಹಿಡಿದಿದ್ದನೋ, ಮುಂಗೈಯವರೆಗೂ ಮರಗಟ್ಟಿಹೋಗಿತ್ತು. ಈಗಲೂ ಯಾವುದಾದರೂ ನಲ್ಲಿಯ ಕೆಳಗೆ ಕೈ ಒಡ್ಡಿದರೆ ಆ ಚಳಿ ಮೊದಲು ನೆನಪಿಗೆ ಬರುತ್ತದೆ, ನೀರು ಆಮೇಲೆ ಬರುತ್ತದೆ. ಜನ ಹೇಳುವ ಲೆಕ್ಕ ನಂಬಬಾರದು, ಅಳೆದೇ ನೋಡಬೇಕು ಎಂದು ಆವತ್ತು ವಾಪಸು ಬರುವ ಬಸ್ಸಿನಲ್ಲಿ ಅವನು ಪಣ ತೊಟ್ಟಿದ್ದ.

ಅಳೆಯುವುದು ಎಲ್ಲಿ? ಇದ್ರೀಸನ ಬಚ್ಚಲ ಬಳಿ ಹೋಗಿ ನಿಲ್ಲಲಾಗುತ್ತದೆಯೇ? ಮನೆಯೇ ವಾಸಿ ಎಂದು ತೋರಿತ್ತು. ದಿನಾ ಆರೂವರೆಗೆ ಮನೆ ಬಿಡುವವನು ಮೂರು ದಿನದಿಂದ, ಷೆಡ್ಡಿನ ಕಡೆ ಕೆಲಸ ತಡ ಎಂದು ಸುಳ್ಳು ಹೇಳಿ ಹತ್ತೂವರೆಯವರೆಗೆ ಹಿತ್ತಿಲಲ್ಲಿ ಸುಳಿದಾಡಿದ್ದ. ತಾನು ಇಪ್ಪತ್ತನಾಲ್ಕು ಚೊಂಬು. ಪಿಯುಸಿ ಓದುವ ಮಗಳು ಮೂವತ್ತು, ತಲೆಗೆ ಎರೆದುಕೊಂಡ ದಿನ ನಲವತ್ತೆರಡು. ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹೊಯ್ದುಕೊಳ್ಳುವ ತಾಯಿ ದೊಡ್ಡಲಕ್ಷ್ಮಮ್ಮ ಹದಿನೈದು. ಕೊನೆಗೆ ಕಾವೇರಮ್ಮ, ಆರು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ತಾನು ಹೊರಟ ಮೇಲೆ ಈ ಮನೆಯ ಬೆಳಗು ಹೇಗೆ ನಡೆಯುತ್ತದೆಂದು ಅವನು ನೋಡಿಯೇ ಇರಲಿಲ್ಲ. ಮೊದಲ ದಿನ ಅದೇ ಒಂದು ತಮಾಷೆಯಾಗಿ ಕಂಡಿತ್ತು. ತನ್ನದೇ ಹಿತ್ತಿಲಿನಲ್ಲಿ ತಾನು ನೆಂಟ. ಹಾಲಿನವನು ಹೀಗೆ ಕೂಗುತ್ತಾನಾ, ಎದುರು ಮನೆಯ ಕೋಳಿ ನಮ್ಮ ಬೇಲಿಯಲ್ಲೇ ನುಸುಳುತ್ತದಾ, ಅವ್ವ ಇಷ್ಟೊಂದು ಹೊತ್ತು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳಾ ಎಂದು ಒಂದೊಂದನ್ನೂ ಕಣ್ಣರಳಿಸಿ ನೋಡಿದ್ದ.

ತಮಾಷೆ ಹೋದದ್ದು ಎರಡನೆಯ ದಿನ. ಹಂಡೆಯಿಂದ ಬಿಸಿನೀರು ತೋಡಿಕೊಂಡವರು ತೋಡಿದಷ್ಟು ತಣ್ಣೀರು ಹೊಯ್ದು ಬರಬೇಕೆನ್ನುವುದು ಮನೆಯ ಕಟ್ಟಳೆ. ಅಜ್ಜನ ಕಾಲದಿಂದ ಹಾಗೆಯೇ ನಡೆದುಕೊಂಡು ಬಂದಿದೆ, ಅವನೂ ದಿನಾ ಒಂದು ಕೊಡ ಹೊಯ್ದೇ ಬರುತ್ತಾನೆ, ಹೊಯ್ದು ಬಂದೆನೆಂಬ ನೆಮ್ಮದಿಯೂ ಇರುತ್ತದೆ. ಆದರೆ ಆ ದಿನ, ಮೂವರದೂ ಮುಗಿದು ಕಾವೇರಮ್ಮನ ಸರದಿ ಬರುವ ಮೊದಲು, ಗೂಡಿನ ಬಾಣಲೆಗೆ ಹಿಡಿಯುವ ಥರ್ಮಾಮೀಟರನ್ನು ಸುಮ್ಮನೆ ಹಂಡೆಯೊಳಗೆ ಅದ್ದಿದ. ಮೂವತ್ತನಾಲ್ಕು. ಮತ್ತೊಮ್ಮೆ ಅದ್ದಿದರೂ ಮೂವತ್ತನಾಲ್ಕೇ. ಒಲೆಯಲ್ಲಿ ಬೂದಿ. ಮೂರು ಜನ ಮೂರು ಕೊಡ ತಣ್ಣೀರು ಹೊಯ್ದು ಕಟ್ಟಳೆ ಪಾಲಿಸಿದ್ದರು, ನಾಲ್ಕನೆಯವಳಿಗೆ ಉಳಿದದ್ದು ಜ್ವರವಿಲ್ಲದವರ ಮೈಗಿಂತಲೂ ಕಡಿಮೆ ಬಿಸಿ. ಇವಳು ಮದುವೆಗೆ ಮುಂಚೆಯೂ ಆಮೇಲೂ ಹತ್ತೊಂಬತ್ತು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಬಿಚ್ಚಿದವಳು. ಅದೇ ಕಾರ್ಖಾನೆಯಲ್ಲಿ ಅವನು ಬಾಯ್ಲರಿಗೆ ಸೌದೆ ಒಡ್ಡುತ್ತಿದ್ದ. ಸಾಲಾಗಿ ಕೂತ ಹೆಂಗಸರ ಬಾಣಲೆಗಳಿಗೆ ಕುದಿನೀರು ಹೋಗುತ್ತಿದ್ದದ್ದು ಇವನು ತಿರುಗಿಸಿದ ವಾಲ್ವಿನಿಂದ. ಮೇಸ್ತ್ರಿ ನೀರು ಕಾದಿಲ್ಲ ಎಂದು ಕೂಗಿದರೆ ಇವನು ಇನ್ನೊಂದು ಸುತ್ತು ತಿರುಗಿಸುತ್ತಿದ್ದ, ಅಷ್ಟೇ. ಮದುವೆಯ ದಿನ ಧಾರೆಯ ಹೊತ್ತಿಗೆ ಅವಳ ಕೈ ತನ್ನ ಕೈ ಮೇಲೆ ಬಿದ್ದಾಗ ಬೆರಳ ತುದಿಗಳು ನೆನೆದ ಕಾಗದದಂತೆ ಬೆಳ್ಳಗೆ ಸುಕ್ಕಾಗಿದ್ದದ್ದನ್ನು ಕಂಡು, ಇದು ನನ್ನ ಬಾಯ್ಲರಿನ ಕೆಲಸ ಎಂದುಕೊಂಡಿದ್ದ. ಕೈಗೆ ಹತ್ತೊಂಬತ್ತು ವರ್ಷ ತೊಂಬತ್ತು ಡಿಗ್ರಿ, ಮೈಗೆ ಇಪ್ಪತ್ತಾರು ವರ್ಷ ಮೂವತ್ತನಾಲ್ಕು. ಊರವರ ನೀರಿನ ಬಿಸಿಯನ್ನೆಲ್ಲ ಅಳೆದವನು ತನ್ನ ಹಂಡೆಗೆ ಕಡ್ಡಿ ಅದ್ದಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಅವಳು ಆರೇ ಚೊಂಬು ಹೊಯ್ದುಕೊಳ್ಳುವುದು ಚಳಿಗೇ ಇರಬೇಕು ಎಂದು ಅವನಿಗೆ ಅನುಮಾನವೇ ಉಳಿಯಲಿಲ್ಲ.

ಅದಕ್ಕೇ ಇವತ್ತು, ಮಗಳು ಕಾಲೇಜಿಗೆ ಹೊರಟ ಕೂಡಲೇ, ಯಾರಿಗೂ ಕಾಣದಂತೆ ಬಚ್ಚಲೊಲೆಗೆ ಎರಡು ಸೀಳು ಸೌದೆ ಹೆಚ್ಚಿಗೆ ಇಟ್ಟು ಊದಿ ಬಂದಿದ್ದ. ಹಂಡೆಯ ನೀರು ಐವತ್ತು ದಾಟಿತ್ತು. ಇವತ್ತು ಅವಳು ಇಪ್ಪತ್ತಾದರೂ ಹೊಯ್ದುಕೊಳ್ಳುತ್ತಾಳೆ, ಮೈ ತುಂಬ ಬಿಸಿನೀರು ಬಿದ್ದ ಸದ್ದನ್ನು ತಾನು ಇಲ್ಲಿ ನಿಂತು ಕೇಳುತ್ತೇನೆ, ಹೇಳದೆ ಕೊಟ್ಟ ಉಡುಗೊರೆಯಂತೆ ಅದು ತನ್ನಲ್ಲೇ ಉಳಿಯುತ್ತದೆ ಎಂದುಕೊಂಡಿದ್ದ. ಆದರೂ ಆರೇ. ನೀರು ಬಿಸಿಯಾದರೂ ಆರೇ. ಲೆಕ್ಕ ಮಾಡುವವನಿಗೆ ಇದಕ್ಕಿಂತ ಚೋದ್ಯ ಇನ್ನೊಂದಿಲ್ಲ. ಬಿಸಿ ಬದಲಾದರೂ ನೀರಿನ ಅಳತೆ ಬದಲಾಗದಿದ್ದರೆ ಕಾರಣ ಬಿಸಿಯಲ್ಲ, ಬೇರೆಲ್ಲೋ ಇದೆ. ಬೇರೆ ಎಲ್ಲಿ? ಅವನು ಪುಸ್ತಕ ಮುಚ್ಚಿ ಹೊರಡುವಾಗ ಬಚ್ಚಲ ಮೋರಿಯ ಕೊನೆಯಲ್ಲಿ ಕೆಸವಿನ ಎಲೆಗಳು ಜೋತುಬಿದ್ದಿದ್ದನ್ನು ಕಂಡ. ಜಗಲಿಯ ಮೇಲಿದ್ದ ದೊಡ್ಡಲಕ್ಷ್ಮಮ್ಮನೂ ಅದನ್ನೇ ನೋಡುತ್ತ, ಕೆಸವು ಮೂರು ದಿವಸದಿಂದ ಬಾಡ್ತಾ ಐತೆ ಕಣ್ಲಾ ಎಂದಳು. ಬಿಸಿಲು ಜಾಸ್ತಿಯಾಗಿದೆ ಎಂದು ಹೇಳಿ ಅವನು ಸೈಕಲ್ಲು ಹತ್ತಿದ.

ಇದ್ರೀಸನ ಷೆಡ್ಡಿನಲ್ಲಿ ಗೂಡು ಬೇಯುವ ಒಗರು ವಾಸನೆ ಹಬ್ಬಿತ್ತು. ಚಕ್ರಗಳು ಕರಕರ ತಿರುಗುತ್ತಿದ್ದವು. ಅಂಗಳದಲ್ಲಿ ತೊಟ್ಟಿ ಬಾಯಿ ತೆರೆದುಕೊಂಡು ನಿಂತಿತ್ತು, ನೂರೈವತ್ತು ಲೀಟರು ಹಿಡಿಯುವಂಥದ್ದು. ಪಕ್ಕದಲ್ಲಿ ತಾಮ್ರದ ಕೊಳವೆ. ಬೋರಲಿಂಗಯ್ಯ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಗುಣಿಸಿ ಕೂಡಿ, ಗಂಡಸರು ಮೂವರು ಇಪ್ಪತ್ತನಾಲ್ಕರಂತೆ, ಹೆಂಗಸರು ಮೂವರು ಆರರಿಂದ ಹದಿನೈದರವರೆಗೆ ಎಂದು ಹಿಡಿದು, ಒಂಬತ್ತು ಸುತ್ತು ಸಾಕೆಂದು ತೀರ್ಮಾನಿಸಿದ. ಒಂಬತ್ತು ಸುತ್ತೆಂದರೆ ನಲವತ್ತು ಅಡಿ ಕೊಳವೆ. ಬೆಳಿಗ್ಗೆ ಏಳಕ್ಕೆ ಎಲ್ಲರದೂ ಮುಗಿದರೆ ತೊಟ್ಟಿ ನಿಧಾನಕ್ಕೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಾದರೂ ಆಯಿತು, ಅವಸರವೇನು? ಮರದ ದಿಮ್ಮಿಯ ಮೇಲೆ ಕೊಳವೆಯನ್ನು ಬಗ್ಗಿಸುತ್ತ ಒಂಬತ್ತು ಸುತ್ತು ಸುತ್ತಿ, ತೊಟ್ಟಿಯೊಳಗೆ ಇಳಿಸಿ ನೋಡಿದ. ಸರಿಯಾಗಿ ಕೂತಿತು. ಆದರೂ ಮನಸ್ಸು ಕೂರಲಿಲ್ಲ. ಹುಚ್ಚಯ್ಯನ ನಲ್ಲಿ ನೆನಪಾಯಿತು.

ಬಾಗಿಲಲ್ಲಿ ಮಣೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಇದ್ರೀಸನ ತಾಯಿ ಗುಲ್ಜಾರ್ ಬೀ ಇವನನ್ನೇ ನೋಡುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಕನ್ನಡಕದ ಒಂದು ಕಡ್ಡಿಗೆ ರೇಷ್ಮೆ ನೂಲು ಕಟ್ಟಿಕೊಂಡಿದ್ದಳು. ಕೊನೆಗೆ ಧೈರ್ಯ ಮಾಡಿ, ಮನೆಯ ಹೆಂಗಸರಿಗೆ ಬೆಳಿಗ್ಗೆ ಎಷ್ಟು ಚೊಂಬು ನೀರು ಬೇಕಾಗುತ್ತದೆ ಅಮ್ಮಾ ಎಂದು ಕೇಳಿಯೇಬಿಟ್ಟ. ಒಳಗೆ ಪರದೆಯ ಹಿಂದೆ ಯಾರೋ ಕಿಸಕ್ಕೆಂದರು, ಇದ್ರೀಸನ ಹೆಂಡತಿ ಸಾಬಿರಾ ಇರಬೇಕು. ಗುಲ್ಜಾರ್ ಬೀ ನಗಲಿಲ್ಲ. ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದು, ನಿನ್ನ ಮನೆಯಲ್ಲಿ ಎಷ್ಟು ಎಂದು ಕೇಳಿದಳು.

"ಆರು ಅಮ್ಮಾ."

"ಕೇಳಿದ್ಯಾ, ಎಣಿಸಿದ್ಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಬೋರಲಿಂಗಯ್ಯನ ಕೈ ನೋಟುಪುಸ್ತಕದ ಜೇಬಿಗೆ ಹೋಯಿತು. ಮುದುಕಿ ಅದನ್ನೂ ನೋಡಿದಳು.

"ಎಣಿಸೋದು ಬೇರೆ ಬೋರಣ್ಣ, ಕೇಳೋದು ಬೇರೆ. ಹೋಗು, ಊಟ ಮಾಡ್ಕೊಂಡು, ಕೇಳ್ಕೊಂಡು ಬಾ."

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಎಣಿಸಿದ್ದರಲ್ಲಿ ತಪ್ಪೇನಿದೆ? ಕೇಳಿದರೆ ಜನ ನೆನಪಿಲ್ಲದೆ ಹೇಳುತ್ತಾರೆ, ನಾಚಿಕೊಂಡು ಹೇಳುತ್ತಾರೆ, ಹುಚ್ಚಯ್ಯನಂತೆ ಗೊತ್ತಿಲ್ಲದೆಯೂ ಗತ್ತಿನಿಂದ ಹೇಳುತ್ತಾರೆ. ಎಣಿಕೆ ಸುಳ್ಳು ಹೇಳುವುದಿಲ್ಲ. ಗೂಡಿನ ಮಾರುಕಟ್ಟೆಯ ಮುಂದೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆಯುವಾಗ, ತಾನು ಕಾವೇರಮ್ಮನನ್ನು ಇಷ್ಟು ವರ್ಷದಲ್ಲಿ ಏನಾದರೂ ಕೇಳಿದ್ದು ಯಾವಾಗ ಎಂದು ಹುಡುಕಿದ. ಸಾರಿಗೆ ಉಪ್ಪು ಹಾಕಿದೆಯಾ, ಮಗಳ ಫೀಸು ಕಟ್ಟಿದೆಯಾ, ಬೈರಮಂಗಲಕ್ಕೆ ನಿಮ್ಮವ್ವನ್ನ ನೋಡಕ್ಕೆ ಯಾವತ್ತು ಹೋಗ್ತೀಯಾ. ಎಲ್ಲ ಹೌದು ಅಲ್ಲ ಎಂದರೆ ಮುಗಿದುಹೋಗುವ ಪ್ರಶ್ನೆಗಳು. ಅವಳ ಬೆರಳಿನ ಬಗ್ಗೆಯೂ ಕೇಳಿರಲಿಲ್ಲ. ನೋಡಿದ್ದ, ತನ್ನಷ್ಟಕ್ಕೆ ಕಾರಣ ಹುಡುಕಿಕೊಂಡಿದ್ದ, ತನ್ನಷ್ಟಕ್ಕೆ ಮರುಗಿದ್ದ. ಇವತ್ತು ಕೇಳಬೇಕು ಎಂದುಕೊಂಡ. ಆದರೆ ಕೇಳಿದರೆ, ನೀವು ಮೂವರೂ ಬಿಸಿ ಖಾಲಿ ಮಾಡಿ ಹೋಗ್ತೀರಿ, ನನ್ನ ಪಾಲಿಗೆ ಬರೋದು ತಣ್ಣೀರು ಎಂದು ಅವಳು ಬಾಯಿಬಿಟ್ಟು ಹೇಳಿಬಿಟ್ಟರೆ? ಆ ಮಾತನ್ನು ಕೇಳಿಸಿಕೊಂಡು ಮತ್ತೆ ನಾಳೆ ಬೆಳಿಗ್ಗೆ ಮೊದಲು ಹೋಗಿ ಹೇಗೆ ಸ್ನಾನ ಮಾಡುವುದು ಎಂದು ಅವನಿಗೆ ದಿಗಿಲಾಯಿತು.

ಮುದ್ದೆಯ ತಟ್ಟೆ ಮುಂದಿಟ್ಟು, ಬಸ್ಸಾರಿನ ಪಾತ್ರೆ ತರಲು ತಿರುಗಿದವಳನ್ನು ಅವನು ಕರೆದು ನಿಲ್ಲಿಸಿದ. ದೊಡ್ಡಲಕ್ಷ್ಮಮ್ಮ ಗೋಡೆಗೊರಗಿ ಎಲೆಯಡಿಕೆ ಕುಟ್ಟುತ್ತಿದ್ದಳು. ತಾಯಿಯ ಎದುರಿಗೆ ಕೇಳುವುದು ಹೇಗೆಂದು ಮತ್ತೊಂದು ತೊಡಕು. ಇದ್ರೀಸನ ತೊಟ್ಟಿಗೆ ಅಳತೆ ಬೇಕಾಗಿದೆ ಎಂದ. ಹೆಂಗಸರಿಗೆ ದಿನಕ್ಕೆ ನೀರು ಎಷ್ಟಾಗಬಹುದು ಎಂದ. ಯಾರದೋ ಸುದ್ದಿ ವಿಚಾರಿಸುವವನಂತೆ ಮುದ್ದೆಯನ್ನು ನೋಡುತ್ತಲೇ ಅಂದ.

"ಮೂರು ದಿವ್ಸದಿಂದ ನುಗ್ಗೆಮರದ ತಾವು ಅದನ್ನೇನಾ ಹುಡುಕ್ತಿದ್ದುದು?" ಎಂದಳು ಕಾವೇರಮ್ಮ.

ಕಂಬಳಿಹುಳದ ನೆಪ ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿಹೋಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣದೆ? ಬಚ್ಚಲಿನ ಮೋರಿಯ ಕಿಂಡಿಯಿಂದ ಅವನ ಕಾಲು, ಮಡಚಿದ ಪ್ಯಾಂಟು, ಹವಾಯಿ ಚಪ್ಪಲಿ ಎಲ್ಲ ಕಾಣುತ್ತಿದ್ದವಂತೆ. ಅವಳು ಸಿಟ್ಟಾಗಿರಲಿಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಸಾರಿನ ಪಾತ್ರೆಯನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರಸಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ನೀವು ಹೊರಡ್ಲಿ ಹೊರಡ್ಲಿ ಅಂತ ಕಾದು ಸಾಕಾಗಿ ಆರು ಚೊಂಬು ಹುಯ್ಕೊಂಡು ಬಂದೆ. ಅದು ಸ್ನಾನ ಅಲ್ಲ, ಮೈ ನೆನಸ್ಕೊಂಡಿದ್ದು. ದಿನಾ ನೀವೆಲ್ಲ ಹೋದ್ ಮ್ಯಾಕೆ, ಹತ್ತು ಗಂಟೆಗೆ, ಹಂಡೆ ತುಂಬಿಸಿ ಇನ್ನೊಂದಪ ಉರಿ ಹಾಕ್ತೀನಿ. ಅದು ನಂದು."

"ಪೂರ್ತಿ ಹಂಡೆನಾ?"

"ಪೂರ್ತಿ. ಯಾಕೆ, ಜಾಸ್ತಿ ಆಯ್ತಾ?"

ಅವನು ತಟ್ಟೆಯಿಂದ ಕಣ್ಣೆತ್ತಿ ಅವಳನ್ನು ನೋಡಿದ. ಮೂವತ್ತನಾಲ್ಕು ಡಿಗ್ರಿಯ ನೀರಿನಲ್ಲಿ ನಡುಗುತ್ತ ನಿಂತ ಹೆಂಗಸೊಬ್ಬಳನ್ನು ಎರಡು ದಿನದಿಂದ ಎದೆಯೊಳಗೆ ಹೊತ್ತುಕೊಂಡು ತಿರುಗಿದ್ದ; ಆ ಹೆಂಗಸು ಎಲ್ಲಿಯೂ ಇರಲಿಲ್ಲ. ಇದ್ದದ್ದು ಈ ಕಾವೇರಮ್ಮ, ಇಡೀ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಿಸಿನೀರು ಹೊಯ್ದುಕೊಂಡವಳು. ಬಾಗಿಲು ಬಡಿಯುವವರಿಲ್ಲದೆ, ಹೊತ್ತಾಯ್ತು ಎನ್ನುವವರಿಲ್ಲದೆ, ದಿನಾ ಒಂದು ತಾಸು. ಅವಳನ್ನು ಇಪ್ಪತ್ತಾರು ವರ್ಷ ಅವನು ಕಂಡೇ ಇರಲಿಲ್ಲ. ಕಾಣಲೆಂದು ಮೊದಲ ಸಲ ನಿಂತ ಮೂರು ದಿನ ಅವಳ ಸ್ನಾನವನ್ನೇ ಕಸಿದುಕೊಂಡಿದ್ದ. ಕೆಸವು ಬಾಡಿದ್ದು ಬಿಸಿಲಿಗಲ್ಲ, ಮೋರಿಗೆ ಆ ಹಂಡೆಯ ನೀರು ಬಾರದೆ.

ಮೂಲೆಯಲ್ಲಿ ಕುಟ್ಟುವ ಸದ್ದು ನಿಂತಿತ್ತು. ದೊಡ್ಡಲಕ್ಷ್ಮಮ್ಮ ಬೊಚ್ಚುಬಾಯಿ ತುಂಬ ನಗುತ್ತಿದ್ದಳು.

"ನಾನೇ ಕಣ್ಲಾ ಹೇಳ್ಕೊಟ್ಟಿದ್ದು, ಅವಳು ಬಂದ ಎಂಟು ದಿನಕ್ಕೆ. ನಂಗೆ ನಮ್ಮತ್ತೆ ಹೇಳ್ಕೊಟ್ಟಿದ್ಲು. ನಿಮ್ಮಪ್ಪ ಸಾಯಗಂಟ ಒಂದು ಹಂಡೆ ನೀರ್ನಾಗೆ ಸಂಸಾರ ಮಾಡೋಳು ನನ್ನೆಂಡ್ರು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ದ."

ಅಪ್ಪ ಹಾಗೆ ಹೇಳುತ್ತಿದ್ದದ್ದು ಬೋರಲಿಂಗಯ್ಯನಿಗೂ ನೆನಪಿತ್ತು. ಚನ್ನಪಟ್ಟಣದ ನೆಂಟರ ಮುಂದೆ, ಜಗಲಿಯ ಮೇಲೆ ಕೂತು, ಮೀಸೆ ತಿರುವುತ್ತ ಹೇಳುತ್ತಿದ್ದ. ತಾನೂ ಎಲ್ಲೋ ಹೇಳಿದ್ದಿರಬೇಕು. ಸೌದೆ ಯಾಕೆ ಇಷ್ಟು ಬೇಗ ಮುಗಿಯುತ್ತದೆ ಎಂದು ವರ್ಷಕ್ಕೆ ಒಂದೆರಡು ಸಲ ಗೊಣಗಿದ್ದೂ ಇತ್ತು. ಅವಳು ಸಾರು ಬಡಿಸಲು ಬಗ್ಗಿದಳು. ಸೌಟು ಹಿಡಿದ ಬೆರಳುಗಳ ತುದಿಯನ್ನು ಅವನು ನೋಡಿದ. ಬೆಳ್ಳಗಿನ ಸುಕ್ಕು ಹಾಗೆಯೇ ಇತ್ತು, ಅದು ಹೋಗುವಂಥದ್ದಲ್ಲ. ಕಾರ್ಖಾನೆಯ ದಿನಗಳಲ್ಲಿ ಎಂಥ ಸ್ನಾನ ಮಾಡುತ್ತಿದ್ದೆ ಎಂದು ಕೇಳಿದ. ಇದು ಹೌದು ಅಲ್ಲ ಎಂದರೆ ಮುಗಿಯದ ಪ್ರಶ್ನೆ ಎಂದು ಕೇಳಿದ ಮೇಲೆ ತಿಳಿಯಿತು. ಅವಳು ಸೌಟನ್ನು ಪಾತ್ರೆಗೆ ಹಾಕಿ, ಆವಾಗ ಕೈಯಿ ಬಿಸಿನೀರಲ್ಲಿ ಇರ್ತಿತ್ತು, ಮೈಯಿ ಯಾರ್ದೋ ಅನ್ನಂಗಿತ್ತು, ಭಾನುವಾರಕ್ಕೆ ಕಾಯ್ತಿದ್ದೆ ಎಂದಳು. ಆಮೇಲೆ, ತಿರುಗಿ ಹೋಗುವಾಗ, ಬಹಳ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು.

"ಇವತ್ತು ಒಲೆಗೆ ಎರಡು ಸೌದೆ ಇಟ್ಟಿದ್ರಲ್ಲ. ಗೊತ್ತಾಯ್ತು."

ಊಟ ಮುಗಿಸಿ ಕೈ ತೊಳೆದವನಿಗೆ ಕಾಲಿನಲ್ಲಿ ಯಾಕೋ ಅವಸರ. ಸೈಕಲ್ಲು ಹತ್ತಿದ ಮೇಲೆ ಎಲ್ಲ ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿತು, ಬೆಂದ ಗೂಡಿನ ನೂಲು ತುದಿ ಸಿಕ್ಕ ಮೇಲೆ ಎಳೆದಷ್ಟೂ ಬರುವ ಹಾಗೆ. ಹುಚ್ಚಯ್ಯನ ಬಾಗಿಲ ಮರೆಯಲ್ಲಿ ನಿಂತಿದ್ದ ಹೆಂಗಸು, ಹನ್ನೊಂದು ಗಂಟೆಯಲ್ಲಿ, ಹೆಗಲ ಮೇ‌ಲೆ ಒಣ ಟವಲು ಹಾಕಿಕೊಂಡು ಕಾಯುತ್ತಿದ್ದದ್ದು ಏನನ್ನು? ಹುಚ್ಚಯ್ಯ ತಾನು ಬೆಳಿಗ್ಗೆ ಬಿಸಿಯಲ್ಲೇ ಮಿಂದಿದ್ದ. ಹೆಂಗಸರ ಗುಟ್ಟಿನ ಹಂಡೆಯನ್ನು ಕಿತ್ತುಹಾಕಿ ಅದರ ಜಾಗದಲ್ಲಿ ತೊಟ್ಟಿ ಇಟ್ಟು ಬಂದವನು ಬೋರಲಿಂಗಯ್ಯ. ಆ ತೊಟ್ಟಿಗೆ ಆರು ಸುತ್ತಿನ ಸುರುಳಿ, ಒಮ್ಮೆ ಬರಿದಾದರೆ ಮತ್ತೆ ಕಾಯಲು ಏಳೆಂಟು ತಾಸು. ತೊಟ್ಟಿ ಚಿಕ್ಕದಾಗಿದ್ದದ್ದಲ್ಲ ತಪ್ಪು. ಎಷ್ಟು ಬೇಕೆಂದು ಕೇಳಿದ್ದೇ ತಪ್ಪು. ಬರಿದಾದ ಮೇಲೆ ಮತ್ತೆ ಯಾವಾಗ ಬೇಕು ಎಂದು ಕೇಳಬೇಕಾಗಿತ್ತು, ಅದನ್ನು ಯಜಮಾನನನ್ನು ಬಿಟ್ಟು ಬೇರೆಯವರನ್ನು ಕೇಳಬೇಕಾಗಿತ್ತು. ಇದ್ರೀಸನ ತೊಟ್ಟಿ ಇದ್ದಷ್ಟೇ ಇರಲಿ. ಸುರುಳಿ ಉದ್ದವಾಗಬೇಕು. ಏಳಕ್ಕೆ ಬರಿದಾದದ್ದು ಹತ್ತರೊಳಗೆ ಮತ್ತೆ ಕಾಯುವಷ್ಟಾದರೂ ಉದ್ದ. ಹದಿನಾರು ಸುತ್ತು, ಎಪ್ಪತ್ತು ಅಡಿ. ಪೆಡಲು ತುಳಿಯುತ್ತಲೇ ಲೆಕ್ಕ ಮುಗಿಯಿತು. ವೆಲ್ಡಿಂಗಿನವನು ಬಂದು ಮುಚ್ಚಳ ಬೆಸೆದುಬಿಟ್ಟಿದ್ದರೆ ಎಂಬುದೊಂದೇ ಉಳಿದದ್ದು.

ಅಂಗಳದಲ್ಲಿ ನೀಲಿ ಬೆಳಕು ಚಿಮ್ಮುತ್ತಿತ್ತು. ಮುಚ್ಚಳ ಎರಡು ಕಡೆ ಹಿಡಿದುಕೊಂಡಿತ್ತು, ಮೂರನೆಯ ಕಡೆಗೆ ಕಡ್ಡಿ ಇಟ್ಟಿದ್ದವನ ಹೆಗಲನ್ನು ಬೋರಲಿಂಗಯ್ಯ ಹಿಂದಿನಿಂದ ಹಿಡಿದು ನಿಲ್ಲಿಸಿದ. ಷೆಡ್ಡಿನಿಂದ ಕೈ ಒರಸಿಕೊಳ್ಳುತ್ತ ಬಂದ ಇದ್ರೀಸನಿಗೆ ಹದಿನಾರು ಸುತ್ತು ಆಗಬೇಕು, ಇನ್ನೂ ಮೂವತ್ತು ಅಡಿ ಕೊಳವೆ ತರಿಸಬೇಕು ಎಂದ. ಬೆಳಿಗ್ಗೆ ಒಂಬತ್ತು ಅಂದಿರಿ, ಊಟ ಮಾಡಿಕೊಂಡು ಬಂದು ಹದಿನಾರು ಅಂತೀರಿ, ಅಂಥ ಊಟ ಏನಿತ್ತು ಬೋರಣ್ಣ ಎಂದು ಇದ್ರೀಸ ನಕ್ಕ. ನಕ್ಕರೂ ಬಿಡಲಿಲ್ಲ, ಒಂದು ಹಂಡೆ ನೀರಿನಲ್ಲಿ ನಮ್ಮನೇಲಿ ಎಲ್ಲರದೂ ಆಗುತ್ತದೆ, ನೀವು ಮಾಡಿರೋ ತೊಟ್ಟಿಯೇ ಹೆಚ್ಚು, ಕಾರಣ ಹೇಳಿ ಎಂದು ಕೂತ.

ಕಾರಣ ಬೋರಲಿಂಗಯ್ಯನ ಬಾಯಿಯಲ್ಲೇ ಇತ್ತು. ಇಪ್ಪತ್ತೈದು ವರ್ಷದ ಕೆಲಸದಲ್ಲಿ ಅವನಿಗೆ ಇಷ್ಟು ಖಚಿತವಾಗಿ ಗೊತ್ತಿದ್ದ ಕಾರಣ ಇನ್ನೊಂದಿರಲಿಲ್ಲ. ಹೇಳಿದರೆ ಹುಚ್ಚಯ್ಯನ ನಲ್ಲಿಯ ಮಾನವೂ ವಾಪಸು ಬರುತ್ತಿತ್ತು, ನೋಡ್ದ್ರಾ ಬೋರಲಿಂಗಯ್ಯನ ಬುದ್ಧಿ ಎಂದು ಗೂಡಿನ ಮಾರುಕಟ್ಟೆಯಲ್ಲೆಲ್ಲ ಮಾತಾಗುತ್ತಿತ್ತು. ಅವನು ಬಾಗಿಲ ಕಡೆ ನೋಡಿದ. ಗುಲ್ಜಾರ್ ಬೀ ಮೊರವನ್ನು ಮಡಿಲಲ್ಲಿಟ್ಟುಕೊಂಡು, ನೂಲು ಕಟ್ಟಿದ ಕನ್ನಡಕದೊಳಗಿಂದ ಇವನನ್ನೇ ದಿಟ್ಟಿಸುತ್ತಿದ್ದಳು. ಪರದೆಯ ಅಂಚು ಹಿಡಿದ ಬೆರಳು ನಾಲ್ಕು ಕಾಣಿಸುತ್ತಿದ್ದವು.

"ಇಲ್ಲಿ ನೀರು ಗಡಸು ಸಾಬ್ರೆ. ಸುರುಳಿಗೆ ಸುಣ್ಣ ಕಟ್ತದೆ. ಒಸಿ ಉದ್ದ ಇದ್ರೆ ವಾಸಿ," ಎಂದ.

ಸುಳ್ಳೇನಲ್ಲ, ಆದರೆ ಕಾರಣ ಅದಲ್ಲ. ಗಡಸು ನೀರಿನ ಮಾತಿಗೆ ಇದ್ರೀಸ ಒಪ್ಪಿ, ಕೊಳವೆಗೆ ಆಳನ್ನು ಕಳಿಸಲು ಒಳಗೆ ಹೋದ. ವೆಲ್ಡಿಂಗಿನವನು ಬೀಡಿ ಹಚ್ಚಿದ. ಪರದೆಯ ಅಂಚಿನ ಬೆರಳುಗಳು ಮಾಯವಾದವು. ಗುಲ್ಜಾರ್ ಬೀ ಮತ್ತೆ ಮೊರಕ್ಕೆ ಕೈಹಾಕಿ, ಕಲ್ಲು ಹುಡುಕುತ್ತಲೇ, ಕೇಳ್ಕೊಂಡು ಬಂದೆ ಹಾಗಾದ್ರೆ ಎಂದಳು. ಅವನು ತಲೆ ಆಡಿಸಿದ. ಲೆಕ್ಕದ ಬಗ್ಗೆ ಹೀಗೆ ಬೇಕೆಂದೇ ಬೇರೆ ಮಾತು ಹೇಳಿದ್ದು ಅವನಿಗೆ ಇದೇ ಮೊದಲು. ಮೈ ಹಗುರಾಗಿತ್ತು.

ಮಾರನೆಯ ದಿನ ಆರೂವರೆಗೇ ಮನೆ ಬಿಟ್ಟ. ಹಂಡೆಗೆ ಎಂದಿನಂತೆ ಒಂದು ಕೊಡ ತಣ್ಣೀರು ಹೊಯ್ದ, ಹೊಯ್ಯುವಾಗ ಎಂದಿನ ನೆಮ್ಮದಿ ಬರಲಿಲ್ಲ, ಬದಲಿಗೆ ಒಂದು ನಗು ಬಂತು. ಇದ್ರೀಸನ ಆಳುಗಳು ಹಗ್ಗ ಕಟ್ಟಿ ತೊಟ್ಟಿಯನ್ನು ತಾರಸಿಗೆ ಏರಿಸಿದರು. ಕೊಳವೆಗಳ ಮೂಲೆ ಜೋಡಿಸಿ, ಬಾಯ್ಲರಿನ ವಾಲ್ವು ತಿರುಗಿಸಿ, ಸುರುಳಿಯ ಬಾಯಿಗೆ ಅಂಗೈ ಇಟ್ಟು ಬಿಸಿ ಬರುವುದನ್ನು ಅವನು ಕಾಯುತ್ತ ಕೂತ. ಬಿಸಿ ಮೆಲ್ಲಗೆ ಬಂತು. ಹತ್ತು ಗಂಟೆಯಾಗಿರಬೇಕು, ರಾಮದೇವರ ಬೆಟ್ಟದ ಬಂಡೆಗಳ ಮೇಲೆ ಬಿಸಿಲು ಬಲಿತಿತ್ತು. ನಡು ನೆಟ್ಟಗೆ ಮಾಡಲೆಂದು ಎದ್ದು ನಿಂತವನು, ಆ ಎತ್ತರದಿಂದ ಊರನ್ನು ಆ ಹೊತ್ತಿನಲ್ಲಿ ಎಂದೂ ನೋಡಿರದವನು, ತನ್ನ ಬೀದಿ ಎಲ್ಲಿ ಬರುತ್ತದೆಂದು ಹೆಂಚಿನ ಮಾಡುಗಳ ನಡುವೆ ಹುಡುಕಿದ. ನುಗ್ಗೆಮರ ಮೊದಲು ಸಿಕ್ಕಿತು. ಅದರ ಪಕ್ಕದಲ್ಲಿ ತನ್ನ ಬಚ್ಚಲಿನ ಮಾಡಿನಿಂದ ಸೌದೆಯ ಹೊಗೆ ನೆಟ್ಟಗೆ ಏಳುತ್ತಿತ್ತು.

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತ ನಿಂತ. ಗಂಡಸರೆಲ್ಲ ಷೆಡ್ಡಿಗೋ ಮಾರುಕಟ್ಟೆಗೋ ಹೋದ ಹೊತ್ತು, ಅಡುಗೆಯ ಹೊಗೆ ಆರಿ ತಾಸಾಗಿತ್ತು. ಎದುರು ಮನೆಯ ಹಿತ್ತಿಲಿನಿಂದಲೂ ಒಂದು ಹೊಗೆ ಎದ್ದಿತ್ತು. ಆಚೆ ಬೀದಿಯಲ್ಲಿ ಇನ್ನೊಂದು, ಮಸೀದಿಯ ಹಿಂದೆ ಒಂದು. ಅವನು ಎಣಿಸತೊಡಗಿದ. ನಾಲ್ಕಕ್ಕೆ ಎಣಿಕೆ ಬಿಟ್ಟು, ಕೂತು, ನಲ್ಲಿಯ ತಿರುಪು ಬಿಗಿ ಮಾಡಿದ.